ಅಲ್ಪವಿರಾಮನ ಆಲ್ಬಮ್ ಸಪ್ತಾಹ

ಮುದ್ರಣಾಲಯದಲ್ಲಿ ಕರಡು ತಿದ್ದುವ ಅವನಿಗೆ ಎಲ್ಲರೂ ಇಟ್ಟಿದ್ದ ಹೆಸರು 'ಅಲ್ಪವಿರಾಮ'. ಮುನ್ನೂರು ಪುಟದ ಪುಸ್ತಕದಲ್ಲಿ ಒಂದೇ ಒಂದು ಅಲ್ಪವಿರಾಮ ದಾರಿ ತಪ್ಪಿ ಕೂತಿದ್ದರೂ ಕಿವಿ ಹಿಂಡಿ ಎಬ್ಬಿಸುವ ಗಂಡಸು! ಆದರೆ ಸಂಗೀತದ ವಿಷಯಕ್ಕೆ ಬಂದರೆ ಅವನ ಕಿವಿಗಳು ಕನ್ನಡಕ ನೇತುಹಾಕುವ ಗೂಟಗಳು, ಅಷ್ಟೆ.

"ನಿಮಗೆ ಹಾಡು ಬೇಡ ಬಿಡಿ ಸಾರ್, ಅದರಲ್ಲಿ ತಿದ್ದೋಕೆ ಏನೂ ಇರಲ್ಲ," ಎಂದು ಊಟದ ಬಿಡುವಿನಲ್ಲಿ ಪುಟವಿನ್ಯಾಸದ ಹುಡುಗಿ ಚುಡಾಯಿಸಿದಳು. ಎಲ್ಲರೂ ನಕ್ಕರು.

ಅಲ್ಪವಿರಾಮ ಊಟದ ಡಬ್ಬಿಯನ್ನು ಟಪ್ಪೆಂದು ಮುಚ್ಚಿ ಎದ್ದು ನಿಂತ. "ದಿನಕ್ಕೊಂದರಂತೆ ಏಳು ಹಳೇ ಆಲ್ಬಮ್ ಕೇಳ್ತೀನಿ! ಜಾಝ್, ರಾಕ್, ಪಿಯಾನೊ, ಯಾವುದನ್ನೂ ಬಿಡಲ್ಲ! ಏನನ್ನಿಸ್ತು ಅಂತ ಬರೆದೂ ಬರೀತೀನಿ. ಓದಿದ ಮೇಲೆ ನೀವೇ ಕಿವಿ ತೊಳ್ಕೊಂಡು ಬರ್ತೀರಿ!"

ಆಲ್ಬಮ್‌ಗಳು ಅವನ ಮನೆಯ ಅಟ್ಟದ ಮೇಲೇ ಇದ್ದವು. ಹೆಂಡತಿಯ ಅಣ್ಣ ಎರಡು ವರ್ಷದ ಹಿಂದೆ, ಐವತ್ತು ತುಂಬುವ ಮೊದಲೇ, ತೀರಿಕೊಂಡಿದ್ದ. ಅವನ ರೆಕಾರ್ಡ್ ಪ್ಲೇಯರ್ ಮತ್ತು ಒಂದು ಪೆಟ್ಟಿಗೆ ರೆಕಾರ್ಡು ತಂಗಿಯ ಪಾಲಿಗೆ ಬಂದಿದ್ದವು. ಅವಳು ಪೆಟ್ಟಿಗೆಯ ಹಗ್ಗ ಕೂಡ ಬಿಚ್ಚಿರಲಿಲ್ಲ.

"ಕೆಳಗಿಳಿಸಲಾ?" ಎಂದು ಕೇಳಿದ.

ಅವಳು ಹೊಲಿಗೆ ಯಂತ್ರದ ಮುಂದೆ ಶಾಲೆಯ ಸಮವಸ್ತ್ರಗಳ ಗುಡ್ಡೆಯ ನಡುವೆ ಕೂತಿದ್ದಳು. ಕೈಯಲ್ಲಿದ್ದ ಅಂಗಿಯ ಹೊಲಿಗೆ ಮುಗಿಸಿ ದಾರ ಕತ್ತರಿಸಿದಳು. ಆಮೇಲೆ, "ಇಳಿಸಿ. ಗೀಚು ಮಾತ್ರ ಬೀಳಿಸಬೇಡಿ," ಎಂದಳು.

ಮಗುವಿಗೆ ಮೈ ಒರೆಸಿದ ಹಾಗೆ ಪ್ಲೇಯರಿನ ಒಂದೊಂದು ಗುಂಡಿಯನ್ನೂ ತಿರುತಿರುಗಿಸಿ ಒರೆಸಿದ. ಸಪ್ತಾಹ ಶುರುವಾಯಿತು!

ಮೊದಲ ದಿನ ಜಾಝ್. 'ವಾದ್ಯವೊಂದು ಆಕಳಿಸುತ್ತ ಆಕಳಿಸುತ್ತಲೇ ಜೀವನದ ಸತ್ಯ ಹೇಳುತ್ತದೆ,' ಎಂದು ಬರೆದ. ಎರಡನೇ ದಿನ ರಾಕ್. 'ಸಿಟ್ಟನ್ನು ಇಷ್ಟು ಸಾವಧಾನವಾಗಿ ತೋಡಿಕೊಳ್ಳಬಹುದೆಂದು ಗೊತ್ತಿರಲಿಲ್ಲ. ನನ್ನನ್ನು ಬೈಯುವವರೂ ಇವರಿಂದ ಕಲಿಯಲಿ.' ಮೂರನೇ ದಿನದ ಪಿಯಾನೊ ಕೇಳುವಾಗ ಒಂದು ಸ್ವರಕ್ಕೂ ಇನ್ನೊಂದಕ್ಕೂ ನಡುವೆ ಒಂದು ಗುಟುಕು ಚಹಾ ಆರಾಮಾಗಿ ಇಳಿಯಿತು.

ನಾಲ್ಕನೇ ದಿನದ್ದು ವಿರಹಗೀತೆಗಳು. ಬಾವಿಯ ತಳದಿಂದ ಬಂದಂಥ ಗಂಡುದನಿ! ಅವನ ಕಣ್ಣು ತೇವವಾಯಿತು. 'ಪಾಪ, ಈ ಮುದುಕ ಎಷ್ಟು ನೊಂದಿದ್ದಾನೋ! ಕವರಿನ ಮೇಲೆ ನಗುತ್ತಿರುವ ಹುಡುಗಿಯೇ ಇವನಿಗೆ ಕೈಕೊಟ್ಟಿರಬೇಕು.'

"ಬಾರೇ, ಇಲ್ಲಿ ಕೂತು ಕೇಳು, ಎದೆ ಹಿಂಡತ್ತೆ," ಎಂದು ಹೆಂಡತಿಯನ್ನು ಕರೆದ. ಅವಳು ಹೊಲಿಗೆ ಬಿಟ್ಟು ಬಂದು ಪಕ್ಕದಲ್ಲಿ ಕೂತಳು. ಸೆರಗಿನ ತುದಿಯಿಂದ ಬಾಯಿ ಮುಚ್ಚಿಕೊಂಡಳು. ಅಳುತ್ತಿದ್ದಾಳೆ ಎಂದುಕೊಂಡು ಇವನು ಅವಳ ಕೈ ಹಿಡಿದುಕೊಂಡ. ಒಂದು ಬದಿ ಮುಗಿಯಲು ನಲವತ್ತು ನಿಮಿಷ ಬೇಕಾಯಿತು. ಕೈ ಬಿಡಲೇ ಇಲ್ಲ.

ಬರಹಕ್ಕೆ ಮುದ್ರಣಾಲಯದಲ್ಲಿ ಭಾರೀ ಮೆಚ್ಚುಗೆ! ಏಳೂ ದಿನದ್ದನ್ನು ಸೇರಿಸಿ ನೌಕರರ ಪತ್ರಿಕೆಯಲ್ಲಿ ಅಚ್ಚು ಹಾಕಿದರು. ಐನೂರು ಪ್ರತಿ! ಕರಡನ್ನು ತಾನೇ ನಾಲ್ಕು ಸಲ ತಿದ್ದಿದ. ಒಂದೇ ಒಂದು ಕಾಗುಣಿತದ ತಪ್ಪಿರಲಿಲ್ಲ.

ಭಾನುವಾರ ಮಧ್ಯಾಹ್ನ ಬೈಂಡಿಂಗ್ ವಿಭಾಗದ ಹಿರಿಯರು ಪತ್ರಿಕೆ ಹಿಡಿದು ಮನೆಗೇ ಬಂದರು. "ಏಳನೇ ದಿನದ ಆಲ್ಬಮ್‌ಗೆ 'ಶವಯಾತ್ರೆಯ ಘನತೆ' ಇದೆ ಅಂತ ಬರೆದಿದೀರಲ್ಲ, ಅದಕ್ಕೆ ನಾನು ಪ್ರಾಯದಲ್ಲಿ ಕುಣಿದು ಮೊಣಕಾಲು ಉಳುಕಿಸಿಕೊಂಡಿದ್ದೆ! ಸ್ವಲ್ಪ ಹಾಕಿ ನೋಡೋಣ."

ಅಲ್ಪವಿರಾಮ ಗತ್ತಿನಿಂದ ಮುಳ್ಳು ಇಳಿಸಿದ. ಆನೆ ನಿದ್ದೆಯಲ್ಲಿ ನರಳಿದಂಥ ಸದ್ದು ಹೊರಟಿತು. ಹಿರಿಯರು ಬಗ್ಗಿ ನೋಡಿದರು. ಕನ್ನಡಕ ತೆಗೆದು ಇನ್ನೊಮ್ಮೆ ನೋಡಿದರು.

"ಸ್ವಾಮಿ, ಇದು ಮೂವತ್ತಮೂರರ ವೇಗದ ರೆಕಾರ್ಡು. ನೀವು ವೇಗದ ಗುಂಡೀನ ಹದಿನಾರಕ್ಕೆ ಇಟ್ಟಿದೀರಿ!"

"ಅಂದ್ರೆ?"

"ಅಂದ್ರೆ, ಏಳೂ ದಿನ ಎಲ್ಲಾನೂ ಅರ್ಧ ವೇಗದಲ್ಲಿ ಕೇಳಿದೀರಿ!"

"ಹಾಗಾದ್ರೆ ಆ ಮುದುಕ?"

"ಯಾವ ಮುದುಕ? ಕವರಿನ ಮೇಲಿರೋ ಹುಡುಗೀನೇ ಹಾಡಿರೋದು!"

ಅಲ್ಪವಿರಾಮ ಕುರ್ಚಿಗೆ ಕುಸಿದ. ಐನೂರು ಪ್ರತಿ! ಭೂಮಿ ಬಾಯಿ ಬಿಡಬಾರದೇ! ಹಿರಿಯರು ನಗು ತಡೆಯಲಾರದೆ ಕೆಮ್ಮುತ್ತ ಹೊರಟುಹೋದರು. ಒಳಗೆ ಹೊಲಿಗೆ ಯಂತ್ರ ನಿಂತಿತ್ತು.

"ನಿನಗೆ ಗೊತ್ತಿತ್ತಾ?"

"ಮೊದಲನೇ ದಿನವೇ," ಎಂದಳು ಬಾಗಿಲಿಗೆ ಬಂದು. "ಅಣ್ಣನ ಜೊತೆ ಕೂತು ಕೇಳಿ ಕೇಳಿ ಎಲ್ಲಾ ಬಾಯಿಪಾಠ ಆಗಿತ್ತು ನನಗೆ."

"ಮತ್ತೆ ಬಾಯಿ ಬಿಡಬಾರದಿತ್ತಾ? ನಾಳೆ ಹೇಗೆ ಮುಖ ತೋರಿಸಲಿ? ಆವತ್ತು ಸೆರಗು ಮುಚ್ಚಿಕೊಂಡು ಅಳ್ತಿದ್ದೆಯಲ್ಲ!"

"ನಗ್ತಿದ್ದೆ ರೀ! ಇದನ್ನು ನೋಡಿದ್ರೆ ಅಣ್ಣ ಬಿದ್ದು ಬಿದ್ದು ನಗ್ತಿದ್ದ ಅಂತ ನೆನೆಸಿಕೊಂಡು ನಗ್ತಿದ್ದೆ." ಅವಳ ದನಿ ಸಣ್ಣದಾಯಿತು. "ಆಮೇಲೆ ಹೇಳೋಕೆ ಮನಸ್ಸಾಗಲಿಲ್ಲ. ಸರಿಯಾಗಿ ಹಾಕಿದ್ರೆ ಇಪ್ಪತ್ತೇ ನಿಮಿಷಕ್ಕೆ ಮುಗಿದುಹೋಗತ್ತೆ. ಅಣ್ಣನೂ ಹಾಗೇ ಬೇಗ ಮುಗಿದುಹೋದ. ಇದು ಸ್ವಲ್ಪ ಹೊತ್ತು ಎಳೀಲಿ ಅನ್ನಿಸ್ತು. ನೀವೂ ಪಕ್ಕದಲ್ಲಿ ಕೂತಿದ್ರಿ."

ಅಲ್ಪವಿರಾಮ ಎದ್ದು ಹೋಗಿ ಗುಂಡಿಯನ್ನು ಮೂವತ್ತಮೂರಕ್ಕೆ ತಿರುಗಿಸಿ ಮುಳ್ಳು ಇಳಿಸಿದ. ಕೋಣೆಯ ತುಂಬ ಕುಣಿತ ಚಿಮ್ಮಿತು! ಹೆಂಡತಿಯ ಪಾದ ತಾನಾಗಿಯೇ ತಾಳ ಹಾಕತೊಡಗಿತು. ಅವಳ ಕೊರಳಲ್ಲಿ ಅಳತೆಪಟ್ಟಿ ನೇತಾಡುತ್ತಿತ್ತು, ಕೆನ್ನೆ ಒದ್ದೆಯಾಗಿತ್ತು, ತುಟಿ ನಗುತ್ತಿತ್ತು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವಳನ್ನು ಹೀಗೆ ನೋಡಿಯೇ ಇರಲಿಲ್ಲ.

"ಬಾ," ಎಂದು ಕೈ ಚಾಚಿದ. "ಕುಣಿಯೋಣ!"

"ನೀವಾ?"

"ಸಂಗೀತ ಅರ್ಥವಾದ ಮೇಲೆ ಕುಣಿತ ಯಾವ ದೊಡ್ಡ ವಿದ್ಯೆ!"

ಒಂದು ಹೆಜ್ಜೆ ಇಟ್ಟ, ಅವಳ ಕಾಲು ತುಳಿದ. ಎರಡನೆಯದಕ್ಕೆ ಕುರ್ಚಿ ಉರುಳಿತು. ಮೂರನೆಯದಕ್ಕೆ, ಹೊಲಿದು ಪ್ಲೇಯರಿನ ಪಕ್ಕ ಒಟ್ಟಿದ್ದ ಸಮವಸ್ತ್ರಗಳ ಗುಡ್ಡೆಯ ಮೇಲೆ ತಾನೇ ಬಿದ್ದ.

ಹೆಂಡತಿ ಅವನ ಕೈ ಹಿಡಿದು ಎಬ್ಬಿಸಿದಳು. ಇನ್ನೊಂದು ಕೈಯನ್ನು ಪ್ಲೇಯರಿನತ್ತ ಚಾಚಿ ಗುಂಡಿ ತಿರುಗಿಸಿದಳು. ಕುಣಿತ ಹೋಗಿ ಮತ್ತೆ ಆನೆಯ ನರಳಾಟ ಶುರುವಾಯಿತು.

"ನಿಮ್ಮ ಕಾಲಿಗೆ," ಎಂದಳು, "ಹದಿನಾರೇ ಸರಿ."