ನಾಲ್ಕು ಬೀರುಗಳ ಮಾವ

ಕಂಪನಿಯ ಕಡತಗಳನ್ನು ನಾಲ್ಕು ಊರಿನ ಕಂಪ್ಯೂಟರುಗಳಲ್ಲಿಟ್ಟು, ಒಂದು ಕೆಟ್ಟರೆ ಇನ್ನೊಂದರಿಂದ ತೆಗೆಯುತ್ತಾರಲ್ಲ, ಆ ವಿದ್ಯೆ ಕಂಡುಹಿಡಿದವರು ನಮ್ಮ ಸೋದರಮಾವ! ನಗಬೇಡಿ. ಎಪ್ಪತ್ತರ ದಶಕದಲ್ಲೇ ಮಾಡಿ ತೋರಿಸಿದ್ದರು. ಕಂಪ್ಯೂಟರಿನ ಜಾಗದಲ್ಲಿ ಬೀರು, ತಂತಿಯ ಜಾಗದಲ್ಲಿ ಬಸ್ಸು, ಅಷ್ಟೇ ವ್ಯತ್ಯಾಸ.

ಮಾವ ಚಿತ್ರದುರ್ಗದಲ್ಲಿ ಕುರಿಗಾರರ ಸಂಘದ ಗುಮಾಸ್ತರು. ನಮ್ಮ ಕಡೆ ಪ್ರತಿ ಮನೆತನವೂ ತನ್ನ ಕುರಿಗಳ ಕಿವಿಗೆ ತನ್ನದೇ ಕಚ್ಚು ಹಾಕುತ್ತದೆ. ಮಂದೆಗಳು ಬೆರೆತರೆ ಕಿವಿ ನೋಡಿಯೇ ಬೇರ್ಪಡಿಸಬೇಕು. ಮಾವ ಆ ಕಚ್ಚುಗಳ ಚಿತ್ರ ಬರೆದು, ಕೆಳಗೆ ಯಜಮಾನನ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದರು. ಅದೂ ನಾಲ್ಕು ಹಾಳೆಗೆ! ದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಚೇರಿಗಳ ಬೀರುವಿಗೆ ಒಂದೊಂದು.

"ಹೆಬ್ಬೆಟ್ಟು ಸವದು ಹೋಗ್ತೈತ್ರೀ!" ಎಂದು ಕುರಿಗಾರರು ನಗುತ್ತಿದ್ದರು.

"ಒಂದೇ ಇದ್ರೆ ಇಲ್ಲ ಅಂತ್ಲೇ ಲೆಕ್ಕ. ಒತ್ತಪ್ಪ, ಸುಮ್ನೆ," ಎನ್ನುತ್ತಿದ್ದರು ಮಾವ.

ಮನೆಯಲ್ಲೂ ಇದೇ ಹುಚ್ಚು. ಅತ್ತೆಗೆ ತವರಿನಿಂದ ಬಂದ ಕಾಗದಕ್ಕೂ ನಕಲು!

"ಹೆಂಡ್ತಿಗೂ ನಾಕು ನಕಲು ತೆಗ್ಸ್ರಿ ಮತ್ತೆ!" ಎನ್ನುತ್ತಿದ್ದರು ಅತ್ತೆ.

"ಬ್ಯಾಡ, ಅಸಲೇ ಸಾಕಾಗೈತೆ!"

ಒಂದು ವರ್ಷ ಮಾರಿಕಣಿವೆಯ ಹತ್ತಿರ ಎರಡು ಮಂದೆ ಬೆರೆತವು. ಒಂದು ಮಂದೆ ತಾಳ್ಯದ ಹೆಂಗಸಿನದು; ಗಂಡ ಹಿಂದಿನ ವರ್ಷ ತೀರಿಕೊಂಡಿದ್ದ. ಎದುರಿನವನು "ಆ ಕಚ್ಚು ನಮ್ದು" ಎಂದು ಆಕೆಯ ಕುರಿಗಳನ್ನೆಲ್ಲ ತನ್ನ ಕಡೆ ಅಟ್ಟಿಕೊಂಡ. ಸಂಘದ ಹಾಳೆ ತೋರಿಸಿದರೆ ಕುರಿ ನಿನ್ನವು, ಇಲ್ಲದಿದ್ದರೆ ಅವನವು ಎಂದರು ಪಂಚರು.

ಹಿರಿಯೂರಿನ ಹಾಳೆಯನ್ನು ಗೆದ್ದಲು ತಿಂದಿತ್ತು. ದುರ್ಗದ್ದು ಸೋರಿದ ಸೂರಿನಡಿ ಮುದ್ದೆಯಾಗಿತ್ತು. ಹೊಸದುರ್ಗದ ಜವಾನನಂತೂ ಅದರಲ್ಲಿ ಮಂಡಕ್ಕಿ ಕಟ್ಟಿಸಿಕೊಂಡು ತಿಂದು ಮುಗಿಸಿದ್ದ, ಪುಣ್ಯಾತ್ಮ!

"ಹೊಳಲ್ಕೆರೆ ಐತಲ್ಲೋ! ನಡಿ, ಹೋಗಾಣ," ಎಂದು ಜೊತೆಗಿದ್ದ ನನ್ನನ್ನು ಹೊರಡಿಸಿದರು ಮಾವ. ಹಾಳೆ ಸಿಕ್ಕಿತು. ಅದನ್ನು ಎದೆಗೊತ್ತಿಕೊಂಡು, ಬಸ್ಸು ಬದಲಿಸುತ್ತ ಇಬ್ಬರೂ ಮಾರಿಕಣಿವೆ ಸೇರಿದೆವು. ಪಂಚರು ಚಿತ್ರವನ್ನು ಕುರಿಯ ಕಿವಿಯ ಪಕ್ಕ ಹಿಡಿದು ನೋಡಿ, "ಕುರಿ ಈಯಮ್ಮಂದೇ ಕಣ್ರಪ್ಪ," ಎಂದರು. ನನ್ನ ಎದೆ ಗೇಣುದ್ದ ಉಬ್ಬಿತು. "ನಮ್ಮ ಮಾವ ಕಣ್ರೀ ಅವ್ರು!" ಎಂದು ಕೇಳಿದವರಿಗೂ ಕೇಳದವರಿಗೂ ಹೇಳಿದೆ.

ಆಕೆ ಮಾತ್ರ ಕುರಿಗಳ ಕಡೆ ನೋಡಲಿಲ್ಲ. ಹಾಳೆಯ ಹೆಬ್ಬೆಟ್ಟಿನ ಗುರುತನ್ನೇ ಸವರುತ್ತಾ ಕುಳಿತಿದ್ದಳು.

"ನಮ್ಮನೆಯವ್ರದು... ಅವ್ರದೊಂದು ಫೋಟೋನೂ ಇಲ್ರೀ."

ಮಾವ ಅಲ್ಲೇ ಚಕ್ಕಳಮಕ್ಕಳ ಹಾಕಿ ಕುಳಿತು ಕಚ್ಚಿನ ಚಿತ್ರವನ್ನು ನಾಲ್ಕು ಹೊಸ ಹಾಳೆಗೆ ಇಳಿಸಿ, ಆಕೆಯ ಹೆಬ್ಬೆಟ್ಟು ಒತ್ತಿಸಿಕೊಂಡರು. ಆಮೇಲೆ ಹಳೆಯ ಹಾಳೆಯನ್ನು ಮಡಿಸಿ ಆಕೆಯ ಕೈಗಿಟ್ಟರು. ಸಂಘದ ಹಾಳೆಯೊಂದನ್ನು ಅವರು ಬಿಟ್ಟುಕೊಟ್ಟದ್ದು ಅದೊಂದೇ ಸಲ.

"ಕಚ್ಚು ಎಷ್ಟು ಸಲ ಬೇಕಾದ್ರೂ ಬರ್ಕಂತೀನಿ. ಈ ಹೆಬ್ಬೆಟ್ಟು ಇದೊಂದೇ ಐತೆ. ಜೋಪಾನವಾಗಿ ಇಟ್ಕಳವ್ವ."