ಕೆಮ್ಮಿ ಗಳಿಸಿದ ಕಿಟಕಿ ಸೀಟು

ಹಂದಿಜ್ವರ ಬಂದ ಆ ಮಳೆಗಾಲದಲ್ಲಿ, ಇಡೀ ಡೊಂಬಿವಲಿಯಲ್ಲಿ ಆರೋಗ್ಯದ ಬಗ್ಗೆ ಸರಿಯಾಗಿ ಯೋಚಿಸುವ ಯುವಕ ನಾನೊಬ್ಬನೇ ಎಂದು ನನಗೆ ಗಟ್ಟಿ ನಂಬಿಕೆಯಿತ್ತು. ಹೆಂಡತಿ ಶುಭಾಳಿಗೆ ಏಳು ತಿಂಗಳು ತುಂಬುತ್ತಿತ್ತು. ಬಸುರಿಯರಿಗೆ ಈ ಜ್ವರ ಬಂದರೆ ಕಷ್ಟ ಎಂದು ಡಾಕ್ಟರು ಎಚ್ಚರಿಸಿದ್ದರು. ಅಂದಿನಿಂದ ನಾನು ನಮ್ಮ ಮನೆಯ ಆರೋಗ್ಯ ಮಂತ್ರಿಯಾದೆ. ಯಾರೂ ಆರಿಸಿರಲಿಲ್ಲ!

ಘಣಸೋಲಿಯ ಆಫೀಸಿಗೆ ಹೋಗಲು ಮೊದಲು ಠಾಣೆಯವರೆಗೆ ಫಾಸ್ಟ್ ಲೋಕಲ್ ರೈಲು ಹಿಡಿಯಬೇಕು. ಆ ಗಾಡಿಯಲ್ಲಿ ಮುಂದಿನವನ ಬೆವರು ನನ್ನ ಅಂಗಿಗೆ, ನನ್ನದು ಹಿಂದಿನವನ ಅಂಗಿಗೆ. ದೂರ ನಿಲ್ಲಿ ಎಂದು ಯಾರಿಗೆ ಹೇಳುವುದು? ಹಾಗಾಗಿ ಮಾಸ್ಕ್ ಕಟ್ಟಿಕೊಂಡೆ. ಎಲ್ಲರೂ ಹೇಳುತ್ತಾರೆಂದು ಅದರೊಳಗೆ ಕರ್ಪೂರ, ಏಲಕ್ಕಿಯ ಸಣ್ಣ ಪೊಟ್ಟಣವನ್ನೂ ಸಿಕ್ಕಿಸಿದೆ. ಗಾಡಿ ಹೊರಟು ಎರಡು ನಿಮಿಷವಾಗಿಲ್ಲ, ಕರ್ಪೂರ ಮೂಗಿಗೇರಿ ಕೆಮ್ಮು ಬಂತು.

ಆಮೇಲೆ ಆದದ್ದು ಪವಾಡ. ಕೈ ಅಲ್ಲಾಡಿಸಲೂ ಜಾಗವಿಲ್ಲದ ಡಬ್ಬಿಯಲ್ಲಿ ನನ್ನ ಸುತ್ತ ಒಂದು ಮೊಳ ಜಾಗ ತೆರೆಯಿತು! ಇನ್ನೊಮ್ಮೆ ಕೆಮ್ಮಿದೆ. ಕಿಟಕಿಯ ಬಳಿ ಕೂತಿದ್ದವರು ಎದ್ದು ಬಾಗಿಲಿಗೆ ಹೋದರು. ಮೂವರ ಸೀಟಿನಲ್ಲಿ ನಾಲ್ಕನೆಯವನಾಗಿ ಅರ್ಧ ಕೂರುವುದನ್ನೇ ಭಾಗ್ಯವೆಂದುಕೊಂಡಿದ್ದ ನಾನು, ಅಂದು ಕಿಟಕಿ ಪಕ್ಕ ಕಾಲು ಚಾಚಿ ಕೂತೆ.

ಮರುದಿನದಿಂದ ಪೊಟ್ಟಣವಿಲ್ಲದೆಯೇ ಕೆಮ್ಮಿದೆ. ತಪ್ಪೇನು? ಜನರಿಂದ ದೂರವಿರಿ ಎಂದವರು ಡಾಕ್ಟರೇ. ನಾನು ಜನರನ್ನು ದೂರವಿಟ್ಟೆ, ಅಷ್ಟೇ.

ನಾಲ್ಕನೆಯ ದಿನ ಅದೇ ಡಬ್ಬಿಯ ಬಾಗಿಲಲ್ಲಿ ನಮ್ಮ ಬಿಲ್ಡಿಂಗಿನ ಜಯರಾಮಣ್ಣ ನಿಂತಿದ್ದರು. ಠಾಣೆಯಲ್ಲಿ ಸಣ್ಣ ಕ್ಯಾಂಟೀನು ನಡೆಸುವವರು. ನಾನು ನೋಡಲಿಲ್ಲ. ಅವರು ಚೆನ್ನಾಗಿ ನೋಡಿದರು.

ಸಂಜೆಯಿಂದಲೇ ಹಾಲಿನ ಪ್ಯಾಕೆಟು ನಮ್ಮ ಬಾಗಿಲಿಗೆ ಬರುವ ಬದಲು ಮೆಟ್ಟಿಲ ಬುಡದಲ್ಲೇ ನಿಂತಿತು. ಮನೆಗೆಲಸದ ಹೆಂಗಸು ಬರಲಿಲ್ಲ. ಎದುರು ಮನೆಯ ಜೋಶಿ ಕಾಕು ನನ್ನನ್ನು ಕಂಡು ಸೆರಗಿನಿಂದ ಮೂಗು ಮುಚ್ಚಿಕೊಂಡರು. ಭಾನುವಾರ ಶುಭಾಳ ಬಯಕೆ ಊಟ ಇಟ್ಟುಕೊಂಡಿದ್ದೆವು. ಕರೆದವರೆಲ್ಲ ಒಬ್ಬೊಬ್ಬರಾಗಿ ಫೋನು ಮಾಡಿ ಬರಲಾಗುವುದಿಲ್ಲ ಎನ್ನತೊಡಗಿದರು. ಕೊನೆಯ ಫೋನಿಟ್ಟು ಅಮ್ಮ ನನ್ನೆದುರು ಬಂದು ನಿಂತರು.

"ನಿನಗೆ ಹಂದಿಜ್ವರ ಅಂತೆ ಮಗಾ. ಹೆತ್ತ ನನಗೇ ಗೊತ್ತಿಲ್ಲ!"

ಎಲ್ಲವನ್ನೂ ಒಪ್ಪಿಕೊಂಡೆ. ಶುಭಾ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಬಯಕೆಯ ದಿನ ಮೊದಲ ಹೂ ನಿಮ್ಮ ಕೈಯಿಂದಲೇ ಮುಡಿಯಬೇಕು ಅಂತ ನನಗೆ ಆಸೆ ಇತ್ತು. ಅಷ್ಟಾದರೂ ಆಗುವ ಹಾಗೆ ಮಾಡಿ ಮಾರಾಯ್ರೆ," ಎಂದಳು.

ಸುದ್ದಿ ತಂದವರು ಜಯರಾಮಣ್ಣ ಎಂದು ಅಮ್ಮನಿಂದ ತಿಳಿದು ಅವರ ಬಳಿ ಓಡಿದೆ. "ಅಣ್ಣಾ, ಅದು ಸುಳ್ಳು ಕೆಮ್ಮು."

"ಜ್ವರ ಇದ್ದವರೆಲ್ಲ ಹಾಗೇ ಹೇಳುವುದು ಮಾರಾಯ. ಸರ್ಟಿಫಿಕೇಟ್ ಉಂಟಾ?" ಎಂದು ಬಾಗಿಲ ಸಂದಿಯಿಂದಲೇ ಕೇಳಿದರು.

ಹಾಗಾಗಿ, ಕಾಯಿಲೆ ಇಲ್ಲವೆಂದು ಸಾಬೀತು ಮಾಡಲು ಆಸ್ಪತ್ರೆಗೆ ಹೋಗಿ ಕಾಯಿಲೆಯವರ ಸಾಲಿನಲ್ಲಿ ನಿಂತೆ! ಮೂರು ಗಂಟೆ. ನನ್ನ ಮುಂದೆ ನನ್ನದೇ ಪ್ರಾಯದ ಒಬ್ಬ ಕಟ್ಟಡ ಕೆಲಸದವನು, ಮೂಗಿಗೆ ಟವೆಲು ಕಟ್ಟಿಕೊಂಡು ಕೆಮ್ಮುತ್ತಿದ್ದ. ನಿಜವಾದ ಕೆಮ್ಮು. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಅಮ್ಮನ ಜೊತೆ ಫೋನಿನಲ್ಲಿ ನಾನು ಮಾತಾಡಿದ್ದನ್ನು ಕೇಳಿಸಿಕೊಂಡಿದ್ದನೇನೋ, ಕನ್ನಡದಲ್ಲೇ ಹೇಳಿದ:

"ನೀವ್ಯಾಕ ಸರೀತೀರಿ ಸಾಹೇಬ್ರ? ನಾನೇ ಹೊರಗ ನಿಂದರ್ತೀನ್ರಿ. ಖೋಲ್ಯಾಗ ಎಂಟು ಮಂದಿ ಅದೀವಿ. ಅವ್ರಿಗೆ ಹತ್ತಬಾರದಂತ ಎರಡು ದಿನದಿಂದ ಹೊರಗೇ ಮಲಗೀನಿ."

ಹೇಳಿ ಮಳೆಯಲ್ಲೇ ಹೋಗಿ ನಿಂತ. ನನಗೆ ನಾಚಿಕೆಯಾಯಿತು. ಇನ್ನೊಬ್ಬರಿಗೆ ತಗಲಬಾರದೆಂದು ಅವನು ತನ್ನ ಜಾಗ ಬಿಟ್ಟುಕೊಟ್ಟಿದ್ದ. ಅದೇ ಕೆಮ್ಮನ್ನು ನಾಟಕವಾಡಿ ನಾನು ಇನ್ನೊಬ್ಬರ ಜಾಗ ಕಿತ್ತುಕೊಂಡಿದ್ದೆ. ಅವನನ್ನು ಒಳಗೆ ಕರೆದು, ನನ್ನ ಮುಂದೆ ಮೊದಲಿನಂತೆ ನಿಲ್ಲಿಸಿಕೊಂಡೆ. ಸಾಹೇಬನಂತೆ, ಸಾಹೇಬ!

ಡಾಕ್ಟರು ನನ್ನ ಎದೆ, ಗಂಟಲು ನೋಡಿದರು. "ನಿಮಗೆ ಏನೂ ಆಗಿಲ್ಲ."

"ಬರೆದು ಕೊಡುತ್ತೀರಾ ಸರ್?"

"ಕೊಡುತ್ತೇನೆ. ಆದರೆ ಮೂರು ಗಂಟೆ ಈ ಸಾಲಿನಲ್ಲಿ ನಿಂತಿದ್ದೀರಿ. ಮನೆಯಲ್ಲಿ ಬಸುರಿ ಹೆಂಡತಿ ಅನ್ನುತ್ತೀರಿ. ಏಳು ದಿನ ಆಕೆಯ ಹತ್ತಿರ ಹೋಗಬೇಡಿ."

ಬಯಕೆಗೆ ಉಳಿದದ್ದು ಮೂರೇ ದಿನ! ಆರೋಗ್ಯವಂತನೆಂಬ ಸರ್ಟಿಫಿಕೇಟು ಕಿಸೆಯಲ್ಲಿಟ್ಟುಕೊಂಡು ನಾನು ಮನೆಯಿಂದ ಗಡಿಪಾರಾದೆ. ಸುದ್ದಿ ಕೇಳಿ ಜಯರಾಮಣ್ಣ ತಮ್ಮ ಕ್ಯಾಂಟೀನಿನ ಅಟ್ಟದ ಕೀಲಿಕೈ ಕಳಿಸಿಕೊಟ್ಟರು. "ನೀನು ಅಲ್ಲಿ ಇರು. ಈಗ ನಾವೆಲ್ಲ ಬಯಕೆಗೆ ಧೈರ್ಯದಲ್ಲಿ ಬರ್ತೇವೆ," ಎಂದರು ಫೋನಿನಲ್ಲಿ.

ಬಂದರು. ಕರೆದವರೂ ಬಂದರು, ಕರೆಯದವರೂ ಬಂದರು. ಭಾನುವಾರ ಮಧ್ಯಾಹ್ನ ಅಟ್ಟದಲ್ಲಿ ಒಬ್ಬನೇ ಇಡ್ಲಿ ತಿನ್ನುತ್ತಾ ಶುಭಾಳಿಗೆ ಫೋನು ಮಾಡಿದೆ. ಹಿಂದಿನಿಂದ ಶೋಭಾನೆ ಹಾಡು, ಬಳೆಗಳ ಸದ್ದು ಕೇಳುತ್ತಿತ್ತು.

"ಮೊದಲ ಹೂ ಯಾರು ಮುಡಿಸಿದರು?"

"ಅತ್ತೆ," ಎಂದಳು. ನಾನು ಕೈಯಲ್ಲಿದ್ದ ಇಡ್ಲಿಯನ್ನು ತಟ್ಟೆಗಿಟ್ಟೆ. ಅಷ್ಟರಲ್ಲಿ ಅಮ್ಮ ಫೋನು ಕಿತ್ತುಕೊಂಡರು.

"ಎಲ್ಲರೂ ನಿನ್ನನ್ನೇ ಕೇಳಿದರು ಮಗಾ. ಅವನ ಕಾಯಿಲೆ ಎದೆಯಲ್ಲಿ ಅಲ್ಲ, ತಲೆಯಲ್ಲಿ, ಹರಡುವಂಥದ್ದಲ್ಲ ಅಂತ ಹೇಳಿದೆ. ಅದು ಕೇಳಿದ ಮೇಲೆಯೇ ಜನ ಸಮಾಧಾನದಲ್ಲಿ ಪಾಯಸ ಕುಡಿದದ್ದು!"