ಗಂಡಸಿಲ್ಲದ ಹೊತ್ತಿನ ಕುಂಬಳಕಾಯಿ

ಹೆದರುವವರಲ್ಲಿ ಎರಡು ಬಗೆ. ಹಲ್ಲಿ ಬಿದ್ದರೆ, ಜಿರಳೆ ಹಾರಿದರೆ ಬೀದಿಗೆಲ್ಲ ಕೇಳುವಂತೆ ಕೂಗಿಕೊಂಡು ಆ ಹೆದರಿಕೆಯನ್ನು ಅಲ್ಲೇ ಮುಗಿಸಿಬಿಡುವವರು ಒಂದು ಬಗೆ. ಹೊಟ್ಟೆಯೊಳಗೆ ಕರುಳು ಮುದ್ದೆಯಾಗಿದ್ದರೂ ಸೆರಗು ಸರಿಮಾಡಿಕೊಂಡು ಏನೂ ಆಗಿಲ್ಲವೆಂಬ ಮುಖ ಹೊತ್ತು ಓಡಾಡುವವರು ಇನ್ನೊಂದು. ನಾನು ಎರಡನೆಯವಳು. ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರು ಅಳುವ ಹುಡುಗಿಯರನ್ನು ಸಾಲಿನ ಕೊನೆಗೆ ಕಳಿಸುತ್ತಿದ್ದರು, ಹೀಗಾಗಿ ಅಳು ನುಂಗುವುದು ನನಗೆ ಮಗ್ಗಿಗಿಂತ ಮೊದಲು ಬಂತು. ಹಾಸನದ ನಮ್ಮ ಬೀದಿಯಲ್ಲಿ ನಾನು ಧೈರ್ಯಸ್ಥೆ ಎಂದು ಹೆಸರಿದೆ. ಬ್ಯಾಂಕಿನಲ್ಲಿ ಇಂಗ್ಲಿಷಿನಲ್ಲೇ ಜಗಳವಾಡಿ ಬರುತ್ತೇನಂತೆ. ಸಿಲಿಂಡರ್ ಬದಲಾಯಿಸಿದ ದಿನ ನಾಯಿಯಂತೆ ಮೂಸುತ್ತ ಅಡುಗೆಮನೆ ತುಂಬ ಸುತ್ತುವುದನ್ನು ಮಾತ್ರ ಯಾರೂ ನೋಡಿಲ್ಲ.

ಮೊನ್ನೆ ಶನಿವಾರದ ಸಂಗತಿ. ಚನ್ನರಾಯಪಟ್ಟಣದಲ್ಲಿರುವ ನನ್ನ ದೊಡ್ಡ ಮಗಳು ಸಂಜೆ ಮಗುವನ್ನು ಕರೆದುಕೊಂಡು ಬರುವವಳಿದ್ದಳು. ಮೊಮ್ಮಗಳಿಗೆ ತರಕಾರಿ ಎಂದರೆ ಶತ್ರು. ಹುಳಿಯಲ್ಲಿ ಕ್ಯಾರೆಟ್ಟಿನ ಚೂರು ಕಂಡರೂ ಅದನ್ನು ತಟ್ಟೆಯ ಅಂಚಿಗೆ ತಳ್ಳಿ ಮುಖ ತಿರುಗಿಸಿ ಕೂರುತ್ತದೆ. ಅದಕ್ಕೇ ಮಗಳು ಫೋನಿನಲ್ಲಿ ಒಂದು ವಿಡಿಯೊ ಕಳಿಸಿದ್ದಳು, ಕುಂಬಳಕಾಯಿ ಬಾಳೆಹಣ್ಣಿನ ಮಫಿನ್. ಕುಂಬಳಕಾಯಿ ಅದರೊಳಗೆ ಇರುವುದು ದೇವರಿಗೂ ಗೊತ್ತಾಗುವುದಿಲ್ಲವಂತೆ. "ಅಮ್ಮಾ, ಬಾಳೆಹಣ್ಣು ಕಪ್ಪಾಗಿದ್ರೆ ಬಿಸಾಕ್ಬೇಡ, ಅದೇ ಬೇಕಿರೋದು" ಎಂದಳು. ನಮ್ಮ ಮನೆಯಲ್ಲಿ ಕಪ್ಪಾದ ಬಾಳೆಹಣ್ಣಿಗೆ ಬರವಿಲ್ಲ. ನಮ್ಮವರು ಪೂಜೆಗೆಂದು ಇಡೀ ಚಿಪ್ಪು ತರುತ್ತಾರೆ, ಆಮೇಲೆ ಯಾರೂ ಮೂಸುವುದಿಲ್ಲ. ಓವನ್ನೂ ಇತ್ತು. ಮಗಳೇ ತಂದುಕೊಟ್ಟಿದ್ದು, ಬಂದ ದಿನದಿಂದ ಫ್ರಿಜ್ಜಿನ ಪಕ್ಕ ಕ್ರೋಶಾ ಬಟ್ಟೆ ಹೊದ್ದು ಕೂತಿತ್ತು. ಅದರೊಳಗಿನ ಕಂಬಿಗಳು ಕೆಂಪಗಾಗುವುದನ್ನು ಕಂಡರೆ ನನಗೆ ಸ್ಮಶಾನದ ನೆನಪಾಗುತ್ತದೆ, ಅದಕ್ಕೇ ಹೊದಿಸಿಟ್ಟಿದ್ದೆ.

ಕುಂಬಳಕಾಯಿಯೂ ಇತ್ತು. ಹಳೇಕೋಟೆಯ ಕಡೆಯ ಹೊಲದ ಸಿಹಿಗುಂಬಳ, ನಮ್ಮವರ ಸ್ನೇಹಿತರು ಕೊಟ್ಟಿದ್ದು, ಮಣೆ ಹಾಕಿ ಕೂರಿಸಿದ ಬೀಗರಂತೆ ಅಡುಗೆಮನೆಯ ಮೂಲೆಯಲ್ಲಿ ಕೂತಿತ್ತು. ಕೂತೇ ಇತ್ತು. ಏಕೆಂದರೆ ನಮ್ಮಲ್ಲಿ ಇಡೀ ಕುಂಬಳಕಾಯಿಗೆ ಹೆಂಗಸರು ಮೊದಲು ಕತ್ತಿ ಇಡುವಂತಿಲ್ಲ. ಗಂಡಸರು ಒಂದು ಕಚ್ಚು ಹಾಕಿ ಕೊಡಬೇಕು, ಆಮೇಲೆ ನಾವು ಹೇಗೆ ಬೇಕಾದರೂ ಹೆಚ್ಚಿಕೊಳ್ಳಬಹುದು. ಮೀರಿದರೆ ಹಿರಿಮಗನಿಗೆ ಆಗಿಬರುವುದಿಲ್ಲ. ಮದುವೆಯಾಗಿ ಬಂದ ಹೊಸತರಲ್ಲೇ ಅತ್ತೆ ಇದನ್ನು ಹೇಳಿಕೊಟ್ಟಿದ್ದರು. ನಮ್ಮವರು ನಿವೃತ್ತ ವಿಜ್ಞಾನದ ಮೇಷ್ಟರು. ಇದೆಲ್ಲ ಮೂಢನಂಬಿಕೆ ಎಂದು ದಿನವೂ ಒಂದು ಭಾಷಣ ಮಾಡುತ್ತಾರೆ, ಆ ಭಾಷಣ ಮುಗಿಯುವಷ್ಟರಲ್ಲಿ ಕಚ್ಚು ಹಾಕುವುದನ್ನು ಮರೆಯುತ್ತಾರೆ. ಅವತ್ತೂ ಅಷ್ಟೇ. ಸ್ಕೂಟರ್ ಹತ್ತಿ ಹೊಳೆನರಸೀಪುರಕ್ಕೆ ಹೊರಟವರನ್ನು ಗೇಟಿನ ತನಕ ಓಡಿ ಹಿಡಿದರೆ, "ಬಂದು ಹಾಕ್ಕೊಡ್ತೀನಿ ಕಣೆ, ಅದೇನು ಕಾಲು ಬಂದು ಓಡೋಗುತ್ತಾ" ಎಂದು ಹೋಗಿಯೇಬಿಟ್ಟರು.

ಗಂಡಸರು ಬೇಡವೆಂದಾಗ ಬೀದಿ ತುಂಬ ಇರುತ್ತಾರೆ. ಅವತ್ತು ಗೇಟಿನ ಹತ್ತಿರ ನಿಂತು ಕಾದರೆ ಸೊಪ್ಪಿನವನಿಲ್ಲ, ಕೊರಿಯರ್‌ನವನಿಲ್ಲ. ಹಿಂದೊಮ್ಮೆ ಮೀಟರ್ ಓದಲು ಬಂದವನ ಕೈಯಲ್ಲಿ ಕಚ್ಚು ಹಾಕಿಸಿದ್ದೆ. ಪಾಪ, ಅವನು ಮಚ್ಚು ನೋಡಿ ಎರಡು ಹೆಜ್ಜೆ ಹಿಂದೆ ಸರಿದು, "ಅಕ್ಕಾ, ಬಿಲ್ಲು ನಾನ್ ಮಾಡೋದಲ್ಲ, ಮಿಷಿನ್ ಮಾಡೋದು" ಎಂದಿದ್ದ.

ಬಿಸಿಲು ಏರುತ್ತಿತ್ತು. ಅತ್ತೆ ಲಿಂಗಪೂಜೆ ಮುಗಿಸಿ ತಿಂಡಿ ತಿಂದು ಮಲಗಿದ್ದರು. ನಾನು ಕುಂಬಳಕಾಯಿಯ ಮುಂದೆ ಕೂತು ತರ್ಕ ಮಾಡಿದೆ. ಕೇಡು ಬರುವುದು ಹಿರಿಮಗನಿಗೆ. ನನಗಿರುವುದು ಇಬ್ಬರು ಹೆಣ್ಣುಮಕ್ಕಳು. ಹಿರಿಮಗನೇ ಇಲ್ಲವೆಂದ ಮೇಲೆ ಕೇಡು ಪಾಪ ಯಾರನ್ನು ಹುಡುಕಿಕೊಂಡು ಬರಬೇಕು? ನನ್ನ ಜಾಣತನಕ್ಕೆ ನಾನೇ ತಲೆದೂಗಿ ಕಣ್ಣು ಮುಚ್ಚಿ ಮಚ್ಚು ಇಟ್ಟೆ. ಠಪ್ಪೆಂದು ಸದ್ದಾಯಿತು. ಒಳಗಿನ ಅರಿಶಿನಗೆಂಪು ತಿರುಳು ಎಷ್ಟು ಚೆನ್ನಾಗಿತ್ತೆಂದರೆ, ಇಷ್ಟು ದಿನ ಸುಮ್ಮನೆ ಹೆದರಿದೆನಲ್ಲ ಅನ್ನಿಸಿತು.

ಹೋಳು ಬೇಯಿಸಿ, ನೀರು ಬಸಿದು, ಬಾಳೆಹಣ್ಣಿನ ಜೊತೆ ಕಿವುಚಿದೆ. ಮೊಟ್ಟೆ ನಮ್ಮ ಮನೆಯ ಹೊಸಲು ದಾಟಿಲ್ಲ, ಅದರ ಬದಲಿಗೆ ಮೊಸರು, ಸೋಡ. ಬೆಲ್ಲದ ಪುಡಿ, ಗೋಧಿಹಿಟ್ಟು, ಎರಡು ಏಲಕ್ಕಿ. ಮಫಿನ್ನಿನ ಅಚ್ಚಿಲ್ಲದೆ ಪಾಯಸದ ಸ್ಟೀಲ್ ಬಟ್ಟಲುಗಳಿಗೇ ತುಪ್ಪ ಸವರಿ ಹಿಟ್ಟು ಹುಯ್ದು ಓವನ್ನಿನೊಳಗಿಟ್ಟೆ. ಕಂಬಿಗಳು ಕೆಂಪಗಾದವು. ಗಾಜಿನಿಂದ ಒಂದು ಮೊಳ ದೂರ ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದೆ. ಹಿಟ್ಟು ನಿಧಾನವಾಗಿ ಉಬ್ಬತೊಡಗಿತು.

ಅಷ್ಟರಲ್ಲಿ ಅತ್ತೆ ಎದ್ದು ಬಂದು ಅಡುಗೆಮನೆಯ ಬಾಗಿಲ ಚೌಕಟ್ಟು ಹಿಡಿದು ನಿಂತರು. "ನನ್ ಇರೀ ಮಗ ಇನ್ನೂ ಬರ್ನಿಲ್ವೇನವ್ವ?"

ಇನ್ನೂ ಇಲ್ಲ ಅತ್ತೆ, ಎಂದೆ. ಎಂದಮೇಲೆ ಅವರಂದದ್ದು ಕಿವಿಗೆ ನಾಟಿತು. ಹಿರಿಮಗ. ಹಿರಿಮಗ ಎಂದರೆ ಹೆಚ್ಚಿದವಳ ಮಗನೇ ಆಗಬೇಕೆಂದು ಯಾರು ಹೇಳಿದ್ದರು? ಮನೆಯ ಹಿರಿಮಗನೂ ಹಿರಿಮಗನೇ ಅಲ್ಲವೇ? ಅತ್ತೆಗೆ ಇಬ್ಬರು ಗಂಡುಮಕ್ಕಳು. ಕಿರಿಯವನು, ನನ್ನ ಮೈದುನ, ಅರಕಲಗೂಡಿನಲ್ಲಿ ಅಂಗಡಿ ಇಟ್ಟುಕೊಂಡು ಕ್ಷೇಮವಾಗಿದ್ದಾನೆ. ಹಿರಿಯವರು ಅದೇ ಹೊತ್ತಿನಲ್ಲಿ ಹಳೆಯ ಸ್ಕೂಟರಿನ ಮೇಲೆ ಹೊಳೆನರಸೀಪುರದ ರಸ್ತೆಯಲ್ಲಿ, ತೆಂಗಿನಕಾಯಿ ತುಂಬಿದ ಲಾರಿಗಳ ನಡುವೆ, ಇಂತಹ ಒಬ್ಬ ಹೆಂಡತಿಯನ್ನು ನಂಬಿಕೊಂಡು ಬರುತ್ತಿದ್ದರು.

ಫೋನ್ ಮಾಡಿದೆ. ಸ್ವಿಚ್ ಆಫ್. ಮತ್ತೆ ಮಾಡಿದೆ. ಅವರ ಫೋನಿನ ಚಾರ್ಜು ಯಾವಾಗಲೂ ಅರ್ಧದಾರಿಯಲ್ಲೇ ಮುಗಿಯುತ್ತದೆಂದು ಬುದ್ಧಿ ಹೇಳಿತು. ಕೈ ಕೇಳಲಿಲ್ಲ, ಮತ್ತೆ ಒತ್ತಿತು. ಓವನ್ನಿನ ಗಾಜಿನಲ್ಲಿ ನೋಡಿದರೆ ಒಂದು ಮಫಿನ್ನಿನ ನೆತ್ತಿ ಸರಿಯಾಗಿ ನಡುಮಧ್ಯಕ್ಕೆ ಬಿರುಕು ಬಿಟ್ಟಿತ್ತು. ಮಫಿನ್ ಅಂದಮೇಲೆ ನೆತ್ತಿ ಬಿರಿಯಲೇಬೇಕು, ವಿಡಿಯೊದಲ್ಲೂ ಬಿರಿದಿತ್ತು. ಆದರೆ ಆ ವಿಡಿಯೊದ ಹೆಂಗಸಿನ ಗಂಡ ಹೆಲ್ಮೆಟ್ಟನ್ನು ಹ್ಯಾಂಡಲಿಗೆ ನೇತುಹಾಕಿಕೊಂಡು ಸ್ಕೂಟರ್ ಓಡಿಸುತ್ತಾನೋ ಇಲ್ಲವೋ ನನಗೆ ತಿಳಿಯದು.

ಅತ್ತೆ ಮೂಗರಳಿಸಿ, ಏನದು ಗಮಗಮ ಅಂತೈತೆ ಎಂದು ಕೇಳಿದರು. ಬಾಳೆಹಣ್ಣಿನ ಕೇಕು ಎಂದೆ, ಸುಳ್ಳಲ್ಲ. ಆಮೇಲೆ ಅವರ ಕಣ್ಣು ತಟ್ಟೆಯಲ್ಲಿ ಒಣಗಲು ಹರಡಿದ್ದ ಬೀಜಗಳ ಮೇಲೆ ಬಿತ್ತು. ಒಂದು ಬೀಜ ಎತ್ತಿ ಬೆರಳಲ್ಲಿ ಹೊರಳಿಸಿದರು. ಯಾರು ಕಚ್ಚು ಹಾಕಿದ್ದೆಂದು ಕೇಳಿದರೆ, ನಿಮ್ಮ ಮಗನೇ ಬೆಳಿಗ್ಗೆ ಹಾಕಿಟ್ಟು ಹೋದರು ಎಂದು ಹೇಳಲು ಉತ್ತರ ಸಿದ್ಧಮಾಡಿಕೊಂಡೆ. ಅವರು ಕೇಳಲೇ ಇಲ್ಲ. ಬೀಜವನ್ನು ತಟ್ಟೆಗೆ ಹಾಕಿ, ಸೆರಗಿಗೆ ಕೈ ಒರೆಸಿಕೊಂಡು, ಜಗಲಿಗೆ ಹೋಗಿ ಕೂತರು. ಕೇಳಿದ್ದರೆ ವಾಸಿಯಿತ್ತು.

ಬಟ್ಟಲುಗಳನ್ನು ಹೊರಗೆ ತೆಗೆದೆ. ಕಡ್ಡಿ ಚುಚ್ಚಿದರೆ ಅಂಟಲಿಲ್ಲ. ಜೀವನದಲ್ಲಿ ನಾನು ಮಾಡಿದ ಅಡುಗೆಗಳಲ್ಲಿ ಅಷ್ಟು ಚೆಂದ ಬಂದದ್ದು ಇನ್ನೊಂದಿಲ್ಲ, ಅದನ್ನು ಕಂಡು ಅಷ್ಟು ಸಂಕಟಪಟ್ಟದ್ದೂ ಇಲ್ಲ. ಮಂಜುನಾಥನಿಗೊಂದು, ನಂಜುಂಡನಿಗೊಂದು ಹರಕೆ ಹೊತ್ತೆ. ಕಾನ್ವೆಂಟಿನ ಋಣಕ್ಕೆ ಮೇರಿಮಾತೆಗೂ ಒಂದು ಮೇಣದಬತ್ತಿ ಒಪ್ಪಿಕೊಂಡೆ.

ಊಟದ ಹೊತ್ತು ಮೀರಿ ಸ್ಕೂಟರಿನ ಸದ್ದು ಕೇಳಿತು. ಓಡಿ ಬಾಗಿಲಿಗೆ ಬಂದರೆ ನನಗಿಂತ ಮೊದಲು ಅತ್ತೆ ಗೇಟು ಹಿಡಿದು ನಿಂತಿದ್ದರು. ಮಂಡಿನೋವಿನಿಂದ ಮೆಟ್ಟಿಲು ಇಳಿಯದ ಅತ್ತೆ. ನಮ್ಮವರು ಇಳಿದರು. ಕೈಕಾಲು ಎಲ್ಲ ಇದ್ದವು. ದಾರಿಯಲ್ಲಿ ಟೈರ್ ಪಂಕ್ಚರ್ ಆಗಿ, ಅಂಗಡಿಯ ತನಕ ತಳ್ಳಿಕೊಂಡು ಹೋಗಿ ಸರಿಮಾಡಿಸಿಕೊಂಡು ಬಂದರಂತೆ, ಅಷ್ಟೇ. ಅತ್ತೆ ಅವರನ್ನು ತಲೆಯಿಂದ ಕಾಲಿನ ತನಕ ನೋಡಿ, ಒಳಗೆ ಬರುವಾಗ ನನ್ನ ಕಿವಿಯ ಹತ್ತಿರ ಮೆಲ್ಲಗೆ ಹೇಳಿದರು: "ನೀನೇ ಕಚ್ಚಾಕಿದ್ದು ಅಂತ ನಂಗೊತ್ತಿತ್ತು ಕಣವ್ವ. ಯೋಳುದ್ರೆ ಎಲ್ ಎದ್ರುಕೊಂಡೀಯೋ ಅಂತ ಸುಮ್ಕೆ ಕೂತಿದ್ದೆ."

ಒಂದೇ ಮನೆಯಲ್ಲಿ, ಒಬ್ಬರಿಗೊಬ್ಬರು ಗೊತ್ತಾಗದ ಹಾಗೆ, ನಾವಿಬ್ಬರೂ ಒಬ್ಬನೇ ಗಂಡಸಿಗಾಗಿ ನಡುಗಿದ್ದೆವು. ನನಗೆ ಅಳು ಬಂತು. ನುಂಗಲಿಲ್ಲ.

ವಿಜ್ಞಾನದ ಮೇಷ್ಟರು ಮೂರನೆಯ ಮಫಿನ್ ಬಾಯಿಗಿಡುತ್ತಿದ್ದಾಗ ಇದರಲ್ಲಿ ಏನು ಹಾಕಿದ್ದೀಯ ಎಂದು ಕೇಳಿದರು. ಹೇಳಿದೆ. ಯಾರು ಕಚ್ಚು ಹಾಕಿದರು ಎಂದರು. ಅದನ್ನೂ ಹೇಳಿದೆ. ಕೈ ಅರ್ಧದಲ್ಲೇ ನಿಂತಿತು. "ಅದಕ್ಕೇ ಪಂಕ್ಚರ್ ಆಯ್ತಾ?" ಎಂದರು. ಇದು ಮೂಢನಂಬಿಕೆಯಲ್ಲವೇ ಎಂದು ಕೇಳಿದ್ದಕ್ಕೆ ಮಿಕ್ಕ ಮಫಿನ್ನನ್ನು ಬಾಯಿಗೆ ತುರುಕಿಕೊಂಡು ಕೈ ತೊಳೆಯಲು ಎದ್ದರು. ಈಗ ದಿನ ಬೆಳಿಗ್ಗೆ ಸ್ಕೂಟರಿನ ಕೀಲಿ ಹಿಡಿದು ಅಡುಗೆಮನೆಗೆ ಇಣುಕಿ, ಕಚ್ಚು ಹಾಕುವುದೇನಾದರೂ ಉಂಟೇ ಎಂದು ಕೇಳಿಯೇ ಹೊರಡುತ್ತಾರೆ.

ಅವರ ಪಾಲಿನ ಹೆದರಿಕೆ ಅಷ್ಟಕ್ಕೇ ಮುಗಿಯಿತು. ನನ್ನದು ಬೆಳೆಯುತ್ತಿದೆ. ಕುಂಬಳಕಾಯಿ ಹಿರಿಮಗನದಾದರೆ ಮಿಕ್ಕ ಕಾಯಿಗಳು ಯಾರ ಯಾರವೋ ಹೇಳಿದವರಿಲ್ಲ. ನಿನ್ನೆ ಒಂದು ಎಳೆಯ ಸೋರೆಕಾಯಿ ಹೆಚ್ಚುವ ಮೊದಲು ಅರಕಲಗೂಡಿಗೆ ಫೋನ್ ಮಾಡಿ, ಮೈದುನ ಅಂಗಡಿಯೊಳಗೇ ಕೂತಿದ್ದಾನೆಂದು ಖಚಿತ ಮಾಡಿಕೊಂಡೆ. ಏನತ್ತಿಗೆ, ಏನು ಸಮಾಚಾರ ಎಂದ. ಏನೂ ಇಲ್ಲಪ್ಪ, ಒಂದರ್ಧ ಗಂಟೆ ಎಲ್ಲಿಗೂ ಹೋಗಬೇಡ ಎಂದೆ.